ಮರಿ ಬರುವ ಮುಂಚಿನ ವಾರ

ನಾಯಿಮರಿ ಮನೆಗೆ ಬಂದ ಮೊದಲ ದಿನ ಮನೆಯವರಲ್ಲಿ ಒಬ್ಬರು ಬೆಲ್ಟ್ ತರಲು ಅಂಗಡಿಗೆ, ಇನ್ನೊಬ್ಬರು ಜಂತುಹುಳದ ಔಷಧಕ್ಕೆಂದು ಮೆಡಿಕಲ್ ಸ್ಟೋರಿಗೆ ಓಡುತ್ತಿರುತ್ತಾರೆ. ತಂದ ಬೆಲ್ಟ್ ದೊಡ್ಡದಾಯಿತೆಂದು ಮತ್ತೆ ಗಾಡಿ ಹೊರಡುತ್ತದೆ. ಅಷ್ಟರಲ್ಲಿ ಮರಿ ದಿವಾನದ ಅಡಿ ಸೇರಿಕೊಂಡಿರುತ್ತದೆ, ಮಕ್ಕಳು ನೆಲಕ್ಕೆ ಕೆನ್ನೆಯಿಟ್ಟು ಅದನ್ನು ಎಳೆಯಲು ಕೈಚಾಚುತ್ತಿರುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಯಾರ ಪ್ರೀತಿಯಲ್ಲೂ ಕೊರತೆ ಇರುವುದಿಲ್ಲ. ಆದರೆ ತಾಯಿಯ ಮೈಬಿಸಿ, ಒಡಹುಟ್ಟಿದವುಗಳ ಒತ್ತು, ಗೊತ್ತಿದ್ದ ವಾಸನೆ ಎಲ್ಲವನ್ನೂ ಒಂದೇ ಪ್ರಯಾಣದಲ್ಲಿ ಕಳೆದುಕೊಂಡು ಬಂದ ಜೀವಕ್ಕೆ ಆ ದಿನ ಬೇಕಾದದ್ದು, ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತಿರುವುದು. ಕೊಳ್ಳುವುದು, ಜೋಡಿಸುವುದು, ಕೇಳಿ ತಿಳಿಯುವುದು ಎಲ್ಲ ಅದಕ್ಕೂ ಮೊದಲೇ ಮುಗಿದಿದ್ದರೆ ಮಾತ್ರ ಹಾಗೆ ಕೂರಲು ಪುರುಸೊತ್ತು ಸಿಗುತ್ತದೆ.

ಕೊಳ್ಳಬೇಕಾದ್ದು ಹೆಚ್ಚೇನೂ ಇಲ್ಲ. ಮಗುಚಿ ಬೀಳದಂಥ ತಳ ಭಾರದ ಎರಡು ಸ್ಟೀಲ್ ಬಟ್ಟಲು ಸಾಕು. ಒಂದು ಊಟಕ್ಕೆ, ಇನ್ನೊಂದು ನೀರಿಗೆ. ನೀರಿನ ಬಟ್ಟಲು ದಿನವಿಡೀ ತುಂಬಿರಬೇಕು. ಮೂರು ತಿಂಗಳಲ್ಲಿ ಮರಿ ಬೆಳೆದು ಚಿಕ್ಕದಾಗಿಬಿಡುವ ದುಬಾರಿ ಹಾಸಿಗೆಗೆ ದುಡ್ಡು ಹಾಕಬೇಡಿ. ಹಳೆಯ ಹತ್ತಿ ಸೀರೆ, ಬೆಡ್‌ಶೀಟು, ಮನೆಯಲ್ಲಿದ್ದರೆ ಒಂದು ಕೌದಿ, ಇವು ಒಗೆದಷ್ಟೂ ಮೆತ್ತಗಾಗುತ್ತವೆ. ಅದರಲ್ಲೊಂದು ಬಟ್ಟೆಯನ್ನು ಮರಿ ತರುವ ಕೆಲವು ದಿನ ಮೊದಲೇ ಅದರ ತಾಯಿ ಇರುವ ಕಡೆ ಕೊಟ್ಟು ಬನ್ನಿ. ತಾಯಿ ಅದರ ಮೇಲೆ ಮಲಗಲಿ, ಮರಿಗಳು ಉರುಳಾಡಲಿ. ಮರಿಯ ಜೊತೆ ಆ ಬಟ್ಟೆಯನ್ನೂ ಒಗೆಯದೆ ಹಾಗೇ ಮನೆಗೆ ತನ್ನಿ. ಮೊದಲ ರಾತ್ರಿ ಮರಿ ಆ ಬಟ್ಟೆಯಲ್ಲಿ ಮೂತಿ ಹುದುಗಿಸಿ, ಎರಡು ಬಾರಿ ಮೂಸಿ, ಉದ್ದನೆಯ ಉಸಿರು ಬಿಟ್ಟು ಮಲಗುವುದನ್ನು ನೋಡಿದವರಿಗೆ ಅಂಗಡಿಯ ಹಾಸಿಗೆಯ ಆಸೆ ಉಳಿಯುವುದಿಲ್ಲ.

ಓದಿ ಮುಗಿದ ಪೇಪರುಗಳನ್ನು ಆ ತಿಂಗಳು ರದ್ದಿಗೆ ಹಾಕದೆ ಎತ್ತಿಡಿ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿ ದಣಿದಾಗ ಮರಿ ಉಚ್ಚೆ ಹೊಯ್ಯುತ್ತದೆ. ಒಂದೇ ಮೂಲೆಯಲ್ಲಿ ಪೇಪರು ಹಾಸಿ, ಪ್ರತಿ ಸಲ ಅಲ್ಲಿಗೇ ಎತ್ತಿಕೊಂಡು ಹೋಗಿ, ಮಾಡಿದ ಕೂಡಲೇ ಬೆನ್ನು ಸವರಿ ಹೊಗಳಿದರೆ ಬೇಗ ಕಲಿಯುತ್ತದೆ. ಉಚ್ಚೆಗೆ ಮೂತಿ ಒತ್ತಿ ಹೊಡೆಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರಿಂದ ಮರಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮಂಚದಡಿ ಮಾಡುವುದನ್ನು ಮಾತ್ರ.

ಬೆಲ್ಟಿನ ವಿಷಯಕ್ಕೆ ಬಂದರೆ, ಹಗುರವಾದ, ಹಿಗ್ಗಿಸಬಹುದಾದ ನೈಲಾನ್ ಪಟ್ಟಿ ಸಾಕು. ಕಟ್ಟಿದ ಮೇಲೆ ಕುತ್ತಿಗೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಬೇಕು. ಮರಿ ಬೆಳೆಯುವ ವೇಗಕ್ಕೆ ಇದನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು. ಪಟ್ಟಿ ಸಡಿಲಿಸದೇ ಬಿಟ್ಟು ಕುತ್ತಿಗೆಯ ಚರ್ಮ ಕಿತ್ತುಹೋದ ನಾಯಿಗಳು ಇಂದಿಗೂ ಪಶು ಆಸ್ಪತ್ರೆಗೆ ಬರುತ್ತವೆ. ಪಟ್ಟಿಯ ಮೇಲೆ ನಿಮ್ಮ ಮೊಬೈಲ್ ನಂಬರ್ ಇರಲಿ. ಕಬ್ಬಿಣದ ಸರಪಳಿ ಮಾತ್ರ ಬೇಡ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಸೆಕ್ಷನ್, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಹೊತ್ತುಗಟ್ಟಲೆ ಕಟ್ಟಿಹಾಕುವುದನ್ನೂ, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದೆ ಬಿಡುವುದನ್ನೂ ಅಪರಾಧ ಎನ್ನುತ್ತದೆ. ಅರವತ್ತು ವರ್ಷಕ್ಕೂ ಹಳೆಯದಾದ ಈ ಮಾತು ನಮ್ಮ ಬೀದಿಗಳ ಎಷ್ಟೋ ಗೇಟುಗಳ ಒಳಗೆ ಇನ್ನೂ ತಲುಪಿಲ್ಲ.

ಇಷ್ಟು ಸಾಮಾನು ಒಂದು ಸಂಜೆಯಲ್ಲಿ ಸಿಕ್ಕಿಬಿಡುತ್ತದೆ. ನಿಜವಾಗಿ ಸಮಯ ಬೇಡುವುದು ಮನೆಯಿಂದ ತೆಗೆದಿಡಬೇಕಾದ ವಸ್ತುಗಳು. ನೆಲದ ಮೇಲೆ ಕೂತು, ಮರಿಯ ಕಣ್ಣಿನ ಎತ್ತರದಿಂದ ಮನೆಯನ್ನೊಮ್ಮೆ ನೋಡಿ. ಜೋತಾಡುವ ಚಾರ್ಜರ್ ವೈರು, ಬೀರುವಿನಿಂದ ಉರುಳಿ ಮೂಲೆ ಸೇರಿದ ನುಸಿಗುಳಿಗೆ, ಹಿತ್ತಲ ಬಾಗಿಲ ಹಿಂದೆ ಇಟ್ಟ ಇಲಿ ಪಾಷಾಣ, ಕುಂಡದ ಪಕ್ಕದ ಗೊಬ್ಬರದ ಚೀಲ ಆಗ ಕಾಣುತ್ತವೆ. ದೇವರಿಗೆಂದು ಬೆಳೆಸಿದ ಕಣಗಿಲೆಯ ಎಲೆ, ಹೂವು, ತೊಗಟೆ ಎಲ್ಲವೂ ನಾಯಿಗೆ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಗಿಡ ಕಡಿಯಬೇಕಿಲ್ಲ, ಬುಡದ ಸುತ್ತ ತಂತಿಬಲೆ ಕಟ್ಟಿದರಾಯಿತು.

ಅಡುಗೆಮನೆಯಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ನಾಯಿಗೆ ಹಾಕುವುದೆಂದರೆ ಮಿಕ್ಕ ಅನ್ನಕ್ಕೆ ಮಿಕ್ಕ ಸಾರು ಕಲಸಿ ಹಾಕುವುದು. ಆ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದ ಮಾತ್ರಕ್ಕೆ ಆ ಗುಣ ಹೋಗುವುದಿಲ್ಲ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು. ಚಾಕೊಲೇಟ್ ಕೂಡದು. ಬೇಯಿಸಿದ ಕೋಳಿ ಮೂಳೆ ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ. ಹಸುವಿನ ಹಾಲು ಬಹಳಷ್ಟು ಮರಿಗಳಿಗೆ ಭೇದಿ ತರಿಸುತ್ತದೆ. ಈರುಳ್ಳಿ, ಉಪ್ಪು, ಖಾರ ಬೀಳುವ ಮೊದಲೇ ಮರಿಯ ಪಾಲು ತೆಗೆದಿಟ್ಟರೆ ಅನ್ನ, ಬೆಂದ ಕುಂಬಳಕಾಯಿ, ಮೂಳೆ ತೆಗೆದ ಕೋಳಿ, ಮೊಟ್ಟೆ ಎಲ್ಲವೂ ಆಗುತ್ತದೆ. ಆದರೆ ಬೆಳೆಯುವ ಮರಿಗೆ ಯಾವುದು ಎಷ್ಟು ಎಂಬುದನ್ನು ಪಶುವೈದ್ಯರ ಹತ್ತಿರ ಕೇಳಿಯೇ ತೀರ್ಮಾನಿಸಿ. ಮೊದಲ ವಾರವಂತೂ ಅದು ಹಿಂದಿದ್ದ ಕಡೆ ತಿನ್ನುತ್ತಿದ್ದುದನ್ನೇ ಕೊಡಬೇಕು. ಹೊಸ ಆಹಾರವನ್ನು ಹಳೆಯದರ ಜೊತೆ ಸ್ವಲ್ಪಸ್ವಲ್ಪವೇ ಬೆರೆಸುತ್ತ ಏಳೆಂಟು ದಿನದಲ್ಲಿ ಬದಲಿಸಿದರೆ ಹೊಟ್ಟೆ ಕೆಡುವುದಿಲ್ಲ. ಜ್ವರ ಬಂದಂತಿದೆ ಎಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನೋ ಮೈನೋವಿನ ಮಾತ್ರೆಯನ್ನೋ ನೀವಾಗಿ ಕೊಡಬೇಡಿ. ಮನುಷ್ಯರಿಗೆ ಹಗುರವಾದ ಗುಳಿಗೆ ನಾಯಿಯ ಜೀವ ತೆಗೆಯಬಲ್ಲದು.

ಇನ್ನು ಪಾರ್ವೊ. ನಾಯಿ ಸಾಕಿದವರ ಮುಂದೆ ಈ ಹೆಸರೆತ್ತಿದರೆ ಅವರ ಮುಖ ಬದಲಾಗುತ್ತದೆ. ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಮರಿ ಇಲ್ಲ. ಈ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮ್ಮ ಮನೆಯಲ್ಲಿ ಹಿಂದೆ ಒಂದು ಮರಿ ಹೀಗೆ ಹೋಗಿದ್ದರೆ ದುಃಖ ಮರೆಯಲೆಂದು ತಿಂಗಳೊಳಗೆ ಇನ್ನೊಂದನ್ನು ತರಬೇಡಿ. ಅದೇ ನೆಲ ಇದನ್ನೂ ಕೊಲ್ಲುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಲದು. ಸೋಡಿಯಂ ಹೈಪೊಕ್ಲೋರೈಟ್ ಇರುವ ಬ್ಲೀಚ್ ದ್ರಾವಣವನ್ನು 1 ಪಾಲಿಗೆ 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಿ ಒರೆಸಬೇಕು. ಹಿತ್ತಲ ಮಣ್ಣಿಗೆ ಆ ಉಪಾಯವೂ ಇಲ್ಲ. ಅಂಥ ಮನೆಗೆ ಲಸಿಕೆಗಳೆಲ್ಲ ಮುಗಿದ, ವರ್ಷ ತುಂಬಿದ ನಾಯಿಯನ್ನು ತರುವುದು ಒಳ್ಳೆಯದು.

ಆದ್ದರಿಂದ ಮರಿಗಿಂತ ಮೊದಲು ಪಶುವೈದ್ಯರನ್ನು ಹುಡುಕಿ. ಮರಿಯಿಲ್ಲದೆ ಬರಿಗೈಯಲ್ಲಿ ಹೋಗಿ ಮಾತಾಡಲು ಸಂಕೋಚಪಡಬೇಕಿಲ್ಲ, ಒಳ್ಳೆಯ ವೈದ್ಯರು ಅದನ್ನು ಇಷ್ಟಪಡುತ್ತಾರೆ. ಪಾರ್ವೊ, ಡಿಸ್ಟೆಂಪರ್ ಮೊದಲಾದವುಗಳ ವಿರುದ್ಧದ ಮೊದಲ ಚುಚ್ಚುಮದ್ದು 6ರಿಂದ 8 ವಾರಗಳ ನಡುವೆ ಬೀಳುತ್ತದೆ. ನಂತರ 3-4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆ 3 ತಿಂಗಳು ತುಂಬಿದಾಗ. ಇದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದ ಸುತ್ತಮುತ್ತ ಎಷ್ಟೋ ಊರುಗಳ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ಹಾಕುತ್ತಾರೆ. ಲಸಿಕೆ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಬಿಡುವಂತಿಲ್ಲ. ಆದರೆ ಮರಿ ಹೊಸತನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸೂ ಅದೇ. ಎತ್ತಿಕೊಂಡು ಗೇಟಿನ ಬಳಿ ನಿಲ್ಲಿ. ಆಟೋ ಸದ್ದು, ತರಕಾರಿ ಗಾಡಿಯವರ ಕೂಗು, ಶಾಲೆ ಮಕ್ಕಳ ಗಲಾಟೆ ಕೇಳಲಿ. ಕುಕ್ಕರ್ ಕೂಗುವಾಗ, ಮಿಕ್ಸಿ ತಿರುಗುವಾಗ ಪಕ್ಕದಲ್ಲಿ ಕೂತು ಒಂದು ತುಣುಕು ಏನಾದರೂ ತಿನ್ನಿಸಿ.

ಎಂತಹ ಮರಿ, ಎಲ್ಲಿಂದ ಎಂಬ ಪ್ರಶ್ನೆಯೂ ಈ ಸಿದ್ಧತೆಯದೇ ಭಾಗ. ಕಲಬುರಗಿಯ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ಹಿಮದ ನಾಡಿನ ಹಸ್ಕಿಯನ್ನು ತಂದರೆ ಯಾವ ಸಾಮಾನು ಕೊಂಡರೂ ಅದರ ಸಂಕಟ ತೀರದು. ನಮ್ಮದೇ ಮುಧೋಳ ತಳಿ ಬಯಲುಸೀಮೆಯ ಬಿಸಿಲಿಗೆ ಹೊಂದಿಕೊಂಡದ್ದು. ಆದರೆ ಓಡಲು ಹುಟ್ಟಿದ ನಾಯಿ ಅದು, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂರಿಸಿದರೆ ಅದಕ್ಕೂ ಅನ್ಯಾಯ. ಎಂಟು ವಾರ ತುಂಬದ ಮರಿಯನ್ನು ಮಾರುವುದು ನಾಯಿ ತಳಿ ಸಾಕಣೆ, ಮಾರಾಟದ 2017ರ ನಿಯಮಗಳ ಪ್ರಕಾರ ನಿಷಿದ್ಧ, ಕೊಡಲು ಬಂದರೂ ಬೇಡವೆನ್ನಿ. ತಾಯಿಯನ್ನು ತೋರಿಸಲು ಹಿಂಜರಿಯುವ ಮಾರಾಟಗಾರರಿಂದ ದೂರವಿರಿ. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ, ನಿಮ್ಮದೇ ಬೀದಿಯ ಮೂಲೆಯಲ್ಲಿ, ಮನೆಯೊಂದಕ್ಕಾಗಿ ಕಾದಿರುವ ದೇಸಿ ಮರಿಗಳಿವೆ. ನನ್ನನ್ನು ಕೇಳಿದರೆ, ನಮ್ಮ ಹವೆಗೆ, ನಮ್ಮ ಊಟಕ್ಕೆ ಅವಕ್ಕಿಂತ ಹೊಂದುವ ನಾಯಿ ಇಲ್ಲ.

ನಾಯಿಯನ್ನು ಬಯಸಿ ತರುವವರು ನೆನೆಯಬೇಕಾದ ಹಳೆಯ ಕಥೆಯೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವಂತೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ಬಹುಮಾನವಾಗಿ ಕೇಳಿದ್ದು ಗಂಗರ ದೊರೆ ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಸೆಣಸುವ ಚಿತ್ರವಿದೆ. ನಾಯಿಯನ್ನು ಕೇಳಿ ಪಡೆದವನು ಅದು ಸತ್ತ ಮೇಲೂ ಅದರ ಪಾಲಿನ ಏರ್ಪಾಟು ಮಾಡಿದ. ನಾವು ಯೋಚಿಸಬೇಕಾದ್ದು ನಮ್ಮ ನಾಯಿ ಬದುಕಿರುವ ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನಾಲ್ಕು ವರ್ಷದ ಬಗ್ಗೆ. ಇಂದು ಹಟ ಹಿಡಿದ ಎಂಟನೇ ತರಗತಿಯ ಮಗಳು ಅಷ್ಟರಲ್ಲಿ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕಿರುತ್ತಾಳೆ. ಬೆಳಿಗ್ಗೆ ಐದೂವರೆಗೆ ಎದ್ದು ಹೊರಗೆ ಕರೆದೊಯ್ಯುವವರು ಯಾರು? ಊರಿಗೆ ಹೋದಾಗ ಯಾರ ಹತ್ತಿರ ಬಿಡುವುದು? ಬಾಡಿಗೆ ಮನೆ ಬದಲಿಸಬೇಕಾದರೆ? ದೀಪಾವಳಿಯ ಪಟಾಕಿಗೆ ಹೆದರಿ ನಡುಗುವಾಗ ಅದರ ಜೊತೆ ಮನೆಯಲ್ಲಿ ಉಳಿಯುವವರು ಯಾರು? ದೇವರ ಕೋಣೆ, ಅಡುಗೆಮನೆಗೆ ನಾಯಿ ಬರಬಾರದೆಂದು ಅಜ್ಜಿ ಹೇಳಿದರೆ ಅವರ ಮಾತಿಗೂ ಬೆಲೆಯಿರಬೇಕು. ಹೊಸಿಲಿಗೊಂದು ಮರದ ಅಡ್ಡಪಟ್ಟಿ ಹಾಕಿಸಿದರೆ ಅಜ್ಜಿಯೂ ನೆಮ್ಮದಿ, ಮರಿಯೂ ನೆಮ್ಮದಿ. ಎಲ್ಲರೂ ಒಪ್ಪದ ಮನೆಯಲ್ಲಿ ಬೈಗುಳ ಕೇಳುವುದು ಕೊನೆಗೆ ನಾಯಿಯೇ.

ಇವೆಲ್ಲ ಆದ ಮೇಲೆ ದಿನ ಗೊತ್ತುಮಾಡಿ. ಹಬ್ಬ, ಹುಟ್ಟುಹಬ್ಬದ ದಿನ ಬೇಡ, ಜನ ಸೇರುತ್ತಾರೆ, ಎಲ್ಲರೂ ಎತ್ತಿಕೊಳ್ಳಬೇಕೆನ್ನುತ್ತಾರೆ. ಎರಡು ದಿನ ರಜೆ ಹೊಂದಿಸಿಕೊಂಡು, ಬೆಳಿಗ್ಗೆಯೇ ಹೋಗಿ ತನ್ನಿ. ಕತ್ತಲಾಗುವುದರೊಳಗೆ ನೀರು ಎಲ್ಲಿ, ಪೇಪರು ಎಲ್ಲಿ, ಮಲಗುವ ಮೂಲೆ ಯಾವುದು ಎಂದು ಅದಕ್ಕೆ ಗೊತ್ತಾಗಿರುತ್ತದೆ. ಮೊದಲ ಕೆಲವು ರಾತ್ರಿ ಅದರ ಬಟ್ಟೆಯನ್ನು ನಿಮ್ಮ ಮಂಚದ ಪಕ್ಕದಲ್ಲೇ ಹಾಸಿ. ಅತ್ತರೆ ಕೈ ಇಳಿಬಿಟ್ಟು ಮುಟ್ಟಬಹುದು. ರಾತ್ರಿ ಹೊತ್ತು ಸಿಗುವ ವೈದ್ಯರ ನಂಬರನ್ನು ಮೊದಲೇ ಕೇಳಿ, ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.