ರೋಗಿ ನೋಡುವುದು ನಮ್ಮ ಮುಖವನ್ನು



ನರ್ಸಿಂಗ್ ಕಲಿಯಲು ಹೋದ ನಮ್ಮ ಮಕ್ಕಳು ಮೊದಮೊದಲು ಊಟವೇ ಸೇರುವುದಿಲ್ಲ ಎನ್ನುತ್ತಾರೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ನಾವೂ ಕೀವು, ಮಲಮೂತ್ರದ ವಾಸನೆಗೆ ಮುಖ ತಿರುಗಿಸುತ್ತೇವೆ. ಆಮೇಲೆ ಪಾಪ ಮಾಡಿದೆವೇನೋ ಎಂದು ಕೊರಗುತ್ತೇವೆ.

ಹೇಸಿಗೆಪಡುವುದು ಪಾಪವಲ್ಲ, ಶರೀರದ ಸ್ವಭಾವ. 1873ರಲ್ಲಿ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಬಳಿಗೆ ಹೋದ ಸಂತ ದಾಮಿಯನ್ನರಿಗೂ ಹುಣ್ಣುಗಳ ವಾಸನೆ ತಡೆಯಲಾಗಲಿಲ್ಲ. ಅದನ್ನು ಮರೆಸಲು ಪೈಪ್ ಸೇದತೊಡಗಿದರು. ರೋಗಿಗಳನ್ನು ಮಾತ್ರ ಬಿಡಲಿಲ್ಲ. 1889ರಲ್ಲಿ ಅದೇ ರೋಗದಿಂದ ಅವರ ನಡುವೆಯೇ ತೀರಿಕೊಂಡರು.

ನಾವೂ ಉಪಾಯ ಮಾಡೋಣ. ಕಿಟಕಿ ತೆರೆಯೋಣ, ಮಾಸ್ಕಿಗೆ ಚೂರು ಬಾಮ್ ಸವರೋಣ, ಒದ್ದೆ ಬಟ್ಟೆ ಕೂಡಲೇ ಬದಲಿಸೋಣ. ಹುಣ್ಣಿನ ವಾಸನೆ ಹೆಚ್ಚಿದರೆ ವೈದ್ಯರಿಗೆ ತಿಳಿಸೋಣ. ತಡೆಯದಾದರೆ ಒಂದು ಗಳಿಗೆ ಹೊರಗೆ ಹೋಗಿ ಬರೋಣ. ಮುಖ ಮಾತ್ರ ಸಿಂಡರಿಸದಿರೋಣ. ರೋಗಿ ಮೊದಲೇ ನಾಚಿಕೊಂಡಿರುತ್ತಾರೆ. ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಲಾಸರನ ಸಮಾಧಿಯ ಬಳಿ ಮಾರ್ತ ವಾಸನೆಯ ಮಾತೆತ್ತಿದಳು. ಪ್ರಭು ಹಿಂದೆ ಸರಿಯಲಿಲ್ಲ. ಕಲ್ಲನ್ನು ತೆಗೆಸಿ, ಗೆಳೆಯನನ್ನು ಹೆಸರು ಹಿಡಿದು ಕರೆದರು. ನಾವೂ ಆ ಕೋಣೆಯ ಬಾಗಿಲು ತೆರೆದಾಗ ಮೊದಲು ‘ಅಪ್ಪಾ’, ‘ಅಜ್ಜೀ’ ಎಂದು ಕರೆಯೋಣ. ಕೆಲಸ ಆಮೇಲೆ. ಆಮೆನ್.