ಬಂದದ್ದೊಂದಕ್ಕೆ, ನಿಂತದ್ದೊಂದಕ್ಕೆ

ಜಪಾನಿನಲ್ಲಿ ಬೆಳೆದ ವಿಷುಯಲ್ ನಾವೆಲ್ ಎಂಬ ಕಂಪ್ಯೂಟರ್ ಆಟಗಳಲ್ಲಿ ಚಿತ್ರ ಹೆಚ್ಚುಕಡಿಮೆ ನಿಶ್ಚಲ. ಹಿಂದೆ ಒಂದು ಬೀದಿಯೋ ಕೋಣೆಯೋ, ಮುಂದೆ ನಿಂತ ಒಂದು ಪಾತ್ರ, ಕೆಳಗೆ ಮೂರು ನಾಲ್ಕು ಸಾಲು ಮಾತು. ಮೌಸ್ ಒತ್ತಿದರೆ ಮುಂದಿನ ಸಾಲು. ಹುಬ್ಬು ತುಸು ಮೇಲೇರುತ್ತದೆ, ತುಟಿ ತುಸು ಬಾಗುತ್ತದೆ. ದೇಹ ಅದೇ, ನಿಲುವು ಅದೇ. ಕ್ಷಣಕ್ಷಣಕ್ಕೂ ಹೊಸ ಚಿತ್ರ ಬರೆಸುವ ಶಕ್ತಿ ಸಣ್ಣ ಸಂಸ್ಥೆಗಳಿಗೆ ಇರಲಿಲ್ಲ; ಬಡತನವೇ ಇಲ್ಲಿ ಶೈಲಿಯಾಯಿತು. ಅರೆನಿಮಿಷದ ವಿಡಿಯೊವನ್ನೂ ಪೂರ್ತಿ ನೋಡದೆ ಸರಿಸಿಬಿಡುವ ನಾವು ಅಲುಗದ ಈ ಚಿತ್ರದ ಮುಂದೆ ಗಂಟೆಗಟ್ಟಲೆ ಕೂರಬಲ್ಲೆವು.

ಇವುಗಳಲ್ಲಿ ಅನೇಕವು ವಯಸ್ಕರಿಗೆಂದೇ ಮಾರಾಟವಾದವು. ಕೊಂಡವರನ್ನು ಮೊದಲು ಸೆಳೆದದ್ದು ಏನೆಂಬುದು ಗುಟ್ಟೇನಲ್ಲ. ಅದಕ್ಕೆ ನಾಚಬೇಕಾದ್ದೂ ಇಲ್ಲ. ಕಣ್ಣು ಮನಸ್ಸಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವುದು ನಮ್ಮೆಲ್ಲರ ಸ್ವಭಾವ. ಸೋಜಿಗ ಆಮೇಲಿನದು. 1998ರಲ್ಲಿ ಲೀಫ್ ಎಂಬ ಸಂಸ್ಥೆ ‘ವೈಟ್ ಆಲ್ಬಮ್’ ತಂದಿತು. ನಾಯಕ ಕಾಲೇಜು ವಿದ್ಯಾರ್ಥಿ. ಪ್ರೇಯಸಿ ಆಗಷ್ಟೇ ಹೆಸರು ಮಾಡುತ್ತಿರುವ ಗಾಯಕಿ. ಆಕೆಗೆ ಬಿಡುವಿಲ್ಲ, ಇವನಿಗೆ ಏಕಾಂತ ಸಹಿಸದು. ಚಳಿಗಾಲದಲ್ಲಿ ಬೇರೆ ಮುಖಗಳು ಹತ್ತಿರವಾಗುತ್ತವೆ. ಯಾರನ್ನು ಹತ್ತಿರ ಮಾಡಿಕೊಳ್ಳಬೇಕೆಂದು ಆರಿಸುವ ಬೆರಳು ಮಾತ್ರ ಆಡುವ ನಮ್ಮದೇ. ಶೃಂಗಾರವನ್ನು ಅರಸಿ ಬಂದವರ ಮುಂದೆ ಕಥೆ ವಿರಹವನ್ನು ತಂದಿಡುತ್ತದೆ. ಸುಖದ ಬೆಲೆಯನ್ನು ತೆರುತ್ತಿರುವವಳು ಇನ್ನೊಂದೆಡೆ ಇದ್ದಾಳೆಂದು ಮೆಲ್ಲಗೆ ನೆನಪಿಸುತ್ತದೆ. 2010ರಲ್ಲಿ ಪ್ಲೇಸ್ಟೇಷನ್‌ಗೆ ಇದನ್ನು ಹೊಸದಾಗಿ ರೂಪಿಸಿದಾಗ ವಯಸ್ಕರ ದೃಶ್ಯಗಳನ್ನು ಕೈಬಿಟ್ಟರು. ಕಥೆಯ ನೋವು ಹಾಗೇ ಉಳಿಯಿತು.

ಎಲ್ಲ ಆಟಗಳೂ ಹೀಗಲ್ಲ. ನುಣ್ಣನೆಯ ಚಿತ್ರವನ್ನು ಮುಂದಿಟ್ಟು ಕಥೆಯನ್ನು ನೆಪಕ್ಕೆ ಅಂಟಿಸಿದವು ಬೇಕಾದಷ್ಟಿವೆ. ಅಂಥವನ್ನು ನಾವು ಬೇಗ ಮುಗಿಸುತ್ತೇವೆ, ಬೇಗ ಮರೆಯುತ್ತೇವೆ. ಅಪರಿಚಿತ ಸೌಂದರ್ಯವನ್ನು ಕಣ್ಣು ಒಂದೇ ನೋಟದಲ್ಲಿ ಉಂಡು ಮುಗಿಸುತ್ತದೆ, ಮತ್ತೆ ಹೊಸದನ್ನು ಬೇಡುತ್ತದೆ. ಪರಿಚಯವಾದ ಮುಖ ಹಾಗೆ ತೀರುವುದಿಲ್ಲ. ಪಾತ್ರದ ಬಾಲ್ಯ ತಿಳಿದ ಮೇಲೆ, ಮುಚ್ಚಿಟ್ಟ ಭಯ ತಿಳಿದ ಮೇಲೆ, ಅದೇ ಹುಬ್ಬು, ಅದೇ ತುಟಿ ಬೇರೆಯೇ ಆಗಿ ಕಾಣುತ್ತವೆ. ಚಿತ್ರಕಾರ ಒಂದು ಗೆರೆಯನ್ನೂ ತಿದ್ದಿರುವುದಿಲ್ಲ. ಹಾಗಾದರೆ ಚಿತ್ರದ ಗುಣ ಎಷ್ಟು ಪರದೆಯ ಮೇಲಿನದು, ಎಷ್ಟು ನಮ್ಮೊಳಗಿನದು?

ಉತ್ತರಕ್ಕೆ, ವಯಸ್ಕರ ದೃಶ್ಯಗಳ ಆಸರೆಯೇ ಇಲ್ಲದ ‘ಹಿಗುರಾಶಿ’ ಎಂಬ ಆಟದ ಕಡೆ ನೋಡಬೇಕು. ರ್ಯೂಕಿಶಿ07 ಎಂಬ ಅಂಕಿತದ ಲೇಖಕ ಅದನ್ನು ತಾನೇ ಬರೆದು, ಚಿತ್ರವನ್ನೂ ತಾನೇ ಬಿಡಿಸಿ, 2002ರ ಬೇಸಿಗೆಯಲ್ಲಿ ಟೋಕಿಯೊದ ಕಾಮಿಕೆಟ್ ಎಂಬ ಹವ್ಯಾಸಿಗಳ ಸಂತೆಯಲ್ಲಿ ಮಾರಾಟಕ್ಕಿಟ್ಟ. ಹಿನ್ನೆಲೆಗೆ ಮಾರ್ಪಡಿಸಿದ ಛಾಯಾಚಿತ್ರಗಳು. ಪಾತ್ರಗಳ ಕೈಗಳಂತೂ ನಾದಿಟ್ಟ ಹಿಟ್ಟಿನ ಉಂಡೆಗಳು! ಮೊದಲು ನೋಡಿದವರು ನಗುತ್ತಾರೆ. ಕಥೆ ನಡೆಯುವ ಗುಡ್ಡಗಾಡಿನ ಹಳ್ಳಿಯಲ್ಲಿ 1983ರ ಜೂನ್ ತಿಂಗಳ ಜೀರುಂಡೆಗಳು ಕೂಗತೊಡಗಿ, ಆತ್ಮೀಯರ ಮೇಲೆಯೇ ಸಂಶಯ ಮೊಳೆತ ಮೇಲೆ ನಗು ನಿಲ್ಲುತ್ತದೆ. ಗೆಳೆಯರನ್ನು ನಂಬಲು ಬಯಸುತ್ತಲೇ ಶಂಕಿಸುವ ಕಥಾನಾಯಕ ಹುಡುಗನಲ್ಲಿ ನಮ್ಮದೇ ದೌರ್ಬಲ್ಯ ಕಾಣುತ್ತದೆ. ಆಗ ಕೈಯ ಆಕಾರ ಯಾರ ಗಮನಕ್ಕೂ ಬಾರದು.

ಮುಂದೆ ನುರಿತ ಕಲಾವಿದರು ಆ ಪಾತ್ರಗಳನ್ನು ಮತ್ತೆ ಬಿಡಿಸಿದರು, ಬೆರಳುಗಳು ಬೆರಳುಗಳಾದವು. ಆದರೂ ಹಳೆಯ ಒರಟು ಮುಖಗಳೇ ಬೇಕೆನ್ನುವ ಓದುಗರು ಉಳಿದರು. ಅವರದು ಅಭಿರುಚಿಯ ಕೊರತೆ ಎನ್ನಲಾಗದು. ಹೊಸ ಮುಖಗಳು ಚೆಲುವಾಗಿದ್ದವು, ನಿಜ. ಆದರೆ ಅವರು ಹೆದರಿದ್ದು, ಅತ್ತದ್ದು ಆ ಮುಖಗಳೊಡನೆ ಅಲ್ಲ. 2015ರಿಂದ ಬಂದ ಇಂಗ್ಲಿಷ್ ಆವೃತ್ತಿಯಲ್ಲಿ ಎರಡೂ ಬಗೆಯ ಚಿತ್ರಗಳಿವೆ. ಓದುವವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು.