ಇದ್ದೇನೆಂಬದಕ್ಕೆ ಸಾಕ್ಷಿ, ಇರುವದಕ್ಕೆ ಕಾರಣ

"ನಾನು ಇದ್ದೇನೋ?" ಎಂದು ಹೊಲ ಉಳುವವನು ಕೇಳುವದಿಲ್ಲ. ಆದರೆ "ನಾನು ಇದ್ದರೇನು, ಹೋದರೇನು?" ಎಂಬ ಮಾತು ನಮ್ಮ ಮನೆಗಳಲ್ಲಿ ಮುದುಕರ ಬಾಯಿಂದಲೂ ವಿಧವೆಯರ ಬಾಯಿಂದಲೂ ಎಷ್ಟೋ ಸಾರಿ ಕೇಳಿಬರುತ್ತದೆ. ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಾಕಾದೀತೋ ಎಂಬದನ್ನು ವಿಚಾರಿಸೋಣ.

ಮೊದಲನೆಯ ಪ್ರಶ್ನೆಯನ್ನು ಜ್ಞಾನಿಗಳು ಬಹುಕಾಲದಿಂದ ಶೋಧಿಸಿದ್ದಾರೆ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿದ್ದು 430ರಲ್ಲಿ ತೀರಿಹೋದ ಅಗಸ್ತೀನನು, ಇಲ್ಲದವನು ಮೋಸಹೋಗಲಾರನು, ಆದಕಾರಣ ನಾನು ಮೋಸಹೋದರೂ ಇದ್ದೇನೆಂಬದು ನಿಶ್ಚಯ ಎಂದು ತರ್ಕಿಸಿದನು. ಫ್ರಾನ್ಸ್ ದೇಶದ ದೆಕಾರ್ತನು 1637ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಶಯಕ್ಕೆ ಎಡೆಯುಳ್ಳದ್ದನ್ನೆಲ್ಲಾ ತೆಗೆದಿಟ್ಟರೂ ಸಂಶಯಪಡುವ ತಾನು ಉಳಿಯುತ್ತೇನೆಂದು ಕಂಡನು. ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆದ ಶಂಕರಾಚಾರ್ಯರೂ ತಾನು ಇಲ್ಲವೆಂದು ಯಾರೂ ಎಣಿಸುವದಿಲ್ಲವೆಂದು ಹೇಳಿದ್ದಾರೆ. ಮತದಲ್ಲಿ ಬೇರೆ ಬೇರೆಯಾದವರು ಈ ಒಂದು ಸಂಗತಿಯಲ್ಲಿ ಹೀಗೆ ಕೂಡಿಬಂದರು.

ಈ ತರ್ಕವು ಗಟ್ಟಿಯಾದದ್ದೇ ಸರಿ. ಆದರೆ ಕಣಜದಲ್ಲಿ ಬೀಜ ಉಂಟೆಂದು ತಿಳಿದ ಮಾತ್ರಕ್ಕೆ ಆ ಬೀಜವು ಯಾತಕ್ಕೆಂದು ತಿಳಿದ ಹಾಗಾಗಲಿಲ್ಲ. ಬೀಜದ ಕಾರಣವು ಕಣಜದ ಹೊರಗೆ, ಹೊಲದಲ್ಲಿ ಅದೆ.

ಇದಕ್ಕೆ ಒಂದು ದೃಷ್ಟಾಂತವುಂಟು. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬ ಹಳ್ಳಿಗನು ಸಾಲ ಬೇಡುವದಕ್ಕೆ ಹೋದಾಗ, ತಾನು ಸತ್ತವನೆಂದು ಸರಕಾರದ ಕಾಗದಗಳಲ್ಲಿ ಬರೆದಿರುವದು ತಿಳಿದುಬಂತು. ಭೂಮಿಯ ಆಶೆಯಿಂದ ಅವನ ಬಂಧುಗಳೇ ಹಾಗೆ ಬರೆಯಿಸಿದ್ದರು. ಕಣ್ಣ ಮುಂದೆ ನಿಂತು ಮಾತಾಡಿದರೂ ಅಧಿಕಾರಿಗಳು ಕಾಗದವನ್ನೇ ನಂಬಿದರು. ಅವನು ತನ್ನ ಹೆಸರಿಗೆ 'ಮೃತಕ' ಎಂಬ ಪದವನ್ನು ಸೇರಿಸಿಕೊಂಡನು. ಜೀವಂತನೆಂದು ತೋರಿಸುವದಕ್ಕಾಗಿಯೇ 1989ರಲ್ಲಿ ರಾಜೀವ್ ಗಾಂಧಿಯವರ ಎದುರಾಗಿ ಚುನಾವಣೆಗೆ ನಿಂತನು. ಹೀಗೆ 1975ರಿಂದ 1994ರ ವರೆಗೆ ಲೆಕ್ಕದಲ್ಲಿ ಸತ್ತವನಾಗಿದ್ದು, ಕಡೆಗೆ ಬದುಕಿದವರ ಪಟ್ಟಿಗೆ ಸೇರಿದನು.

ತಾನು ಇದ್ದೇನೆಂಬದು ಅವನಿಗೆ ಒಂದು ಗಳಿಗೆಯಾದರೂ ಸಂಶಯವಾಗಿರಲಿಲ್ಲ. ಆದರೂ ಆ ನಿಶ್ಚಯವು ಕಚೇರಿಯ ಬಾಗಲಲ್ಲಿ ಅವನಿಗೆ ಸಹಾಯವಾಗಲಿಲ್ಲ. ಅಲ್ಲಿ ನೆರೆಯವನ ಸಾಕ್ಷಿ ಬೇಕಾಯಿತು. ಇದಕ್ಕಿಂತ ದೊಡ್ಡದು ಇನ್ನೊಂದುಂಟು. ತನ್ನಂತೆ ಕಾಗದದಲ್ಲಿ ಸತ್ತವರು ಅನೇಕರಿರುವದನ್ನು ಕಂಡು ಅವನು 'ಮೃತಕ ಸಂಘ'ವನ್ನು ಕಟ್ಟಿ, ಅವರಿಗೋಸ್ಕರವೂ ಹೋರಾಡಿದನು. ತಾನು ಇದ್ದೇನೆಂದು ತೋರಿಸಹೋದವನಿಗೆ, ಇತರರೂ ಇದ್ದಾರೆಂದು ತೋರಿಸುವದೇ ಬಾಳಿನ ಕೆಲಸವಾಯಿತು.

ಹಾಗಾದರೆ ಹಾಸಿಗೆ ಹಿಡಿದವನ ಬಾಳಿಗೆ ಕಾರಣವಿಲ್ಲವೋ, ಎಂದು ಯಾರಾದರೂ ಕೇಳಾರು. ಆ ಮಾತನ್ನು ಒಪ್ಪಕೂಡದು. ಕರಣಿಕನು 'ಸತ್ತನು' ಎಂದು ಬರೆದದ್ದರಿಂದ ಲಾಲ್ ಬಿಹಾರಿಯ ಉಸಿರು ನಿಲ್ಲಲಿಲ್ಲ. ನಾವು 'ಪ್ರಯೋಜನವಿಲ್ಲ' ಅಂದದ್ದರಿಂದ ಮನುಷ್ಯನ ಬೆಲೆಯೂ ಇಲ್ಲದೆ ಹೋಗುವದಿಲ್ಲ. ಜೀವವನ್ನು ಕೊಟ್ಟಾತನ ಲೆಕ್ಕವು ಕಚೇರಿಯ ಲೆಕ್ಕದಂಥದಲ್ಲ. ಕೈಲಾಗದವನು ನಮ್ಮ ಸೇವೆಯನ್ನು ಅಂಗೀಕರಿಸುವದರಿಂದಲೇ ನಮಗೆ ಕೆಲಸ ಕೊಡುತ್ತಾನಲ್ಲವೇ?

ಆದಕಾರಣ ಸಹೋದರ ಸಹೋದರಿಯರೇ, ನಮ್ಮ ಊರಲ್ಲಿ ಬದುಕಿದ್ದರೂ ಸತ್ತವರ ಲೆಕ್ಕದಲ್ಲಿ ಇಡಲ್ಪಟ್ಟವರು ಯಾರಿದ್ದಾರೆಂದು ನೋಡೋಣ. ಪಾಲು ಸಿಕ್ಕದ ವಿಧವೆ, ಮಕ್ಕಳು ಮಾತಾಡಿಸದ ಮುದುಕ, ಯಾರೂ ಹೆಸರು ಹಿಡಿದು ಕರೆಯದ ಕೂಲಿಯಾಳು, ಇವರ ಬಾಗಲಿಗೆ ಹೋಗಿ ಹೆಸರು ಹಿಡಿದು ಕರೆಯೋಣ. ಕರೆಯಿಸಿಕೊಂಡವರಿಗೆ ತಾವು ಇದ್ದೇವೆಂಬದಕ್ಕೆ ಸಾಕ್ಷಿ ಸಿಕ್ಕೀತು. ಕರೆದವರಿಗೆ ತಾವು ಯಾತಕ್ಕೆ ಇದ್ದೇವೆಂಬದು ತಿಳಿದೀತು.